ಅಕ್ಕೋರಿಗೆ ಏನನ್ನಿಸುತ್ತದೆ?

ಕುಕ್ಕರಿನ ಸೀಟಿಗಳನ್ನು ನಾನು ಕನ್ನಡದಲ್ಲಿ ಎಣಿಸುತ್ತೇನೆ. ಇದರಲ್ಲಿ ಹೇಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಮಿರಜಿನಲ್ಲಿ ಒಬ್ಬಳೇ ಇರುವವಳ ಮನೆಗೆ ಒಂದು ದಿನ ಬಂದು ನೋಡಿ, ಆಗ ತಿಳಿಯುತ್ತದೆ. ಬೆಳಿಗ್ಗೆ ಹಾಲಿನವನೊಂದಿಗೆ ಮರಾಠಿ. ಮೇಲಿನ ಮನೆಯ ಕಾಕೂ ಜೊತೆ ಮರಾಠಿ. ಔಷಧದ ಅಂಗಡಿಯಲ್ಲಿ, ರಿಕ್ಷಾದಲ್ಲಿ, ಗ್ಯಾಸಿನವನು ಬಾಗಿಲು ಬಡಿದಾಗ ಎಲ್ಲ ಕಡೆ ಮರಾಠಿ. ಪುಣೆಯಲ್ಲಿರುವ ಮಗಳು ಫೋನು ಮಾಡಿದರೂ ಅದೇ. ಆದರೆ ಕುಕ್ಕರು ಸೀಟಿ ಹೊಡೆದ ಕೂಡಲೇ ನನ್ನ ಬಾಯಿಂದ ತಾನಾಗಿ "ಒಂದು" ಎಂದು ಬರುತ್ತದೆ. ಒಬ್ಬಳ ಬೇಳೆಗೆ ಮೂರು ಸೀಟಿ ಸಾಕು. ಹಾಗಾಗಿ ಎಷ್ಟೋ ದಿನ ನಾನು ಆಡುವ ಕನ್ನಡ ಮೂರೇ ಶಬ್ದ. ಕಡಲೆ ಬೇಯಿಸಿದ ದಿನ ಆರು. ಅಂಥ ದಿನ ಸ್ವಲ್ಪ ಹೆಚ್ಚು ಮಾತಾಡಿದೆ ಅನ್ನಿಸಿ ಗಂಟಲು ಕೂಡ ಹಗುರಾಗುತ್ತದೆ!

ಹೀಗೆ ಹೇಳಿಕೊಳ್ಳುತ್ತಿರುವವಳು ಇಡೀ ನೌಕರಿಯನ್ನು ಕನ್ನಡ ಶಾಲೆಯಲ್ಲೇ ಮಾಡಿದವಳು. ಮಹಾರಾಷ್ಟ್ರದೊಳಗೂ ಕನ್ನಡ ಶಾಲೆಗಳಿವೆ ಎಂಬುದು ಕರ್ನಾಟಕದ ಕಡೆಯ ಎಷ್ಟೋ ಜನರಿಗೆ ಗೊತ್ತಿಲ್ಲ. ಮಿರಜಿನ ಪಕ್ಕದ ಕುಪವಾಡದ ಅಂಚಿನಲ್ಲಿ, ಕಾರಖಾನೆಗಳ ಬೆನ್ನಿಗೆ, ತಗಡಿನ ಪತ್ರಾ ಹೊದಿಸಿದ ನಾಲ್ಕು ಕೋಣೆಗಳ ಶಾಲೆ ನಮ್ಮದು. ಒಂದರಿಂದ ಏಳರವರೆಗೆ ತರಗತಿಗಳು. ಅಥಣಿ, ಜಮಖಂಡಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಸಾಂಗಲಿಯ ಮರಾಠಿ ಶಾಲೆಗಳಲ್ಲಿ ಕಲಿಸುವ ಹೆಂಗಸರು 'ಬಾಯಿ' ಆಗಿರುತ್ತಾರೆ. ನಾನು ಮಾತ್ರ ಆ ಮಕ್ಕಳಿಗೆ 'ಅಕ್ಕೋರು'. ನಿವೃತ್ತಳಾದ ಮೇಲೆ ಆ ಶಬ್ದ ಕೇಳಿಯೂ ಮೂರು ವರ್ಷವಾಗಿತ್ತು. ಆಗಿತ್ತು ಎಂದು ಯಾಕೆ ಹೇಳಿದೆ ಎಂಬುದು ಮುಂದೆ ಬರುತ್ತದೆ.

ಮೊದಲು ನನ್ನ ಮಾಸ್ತರರೊಬ್ಬರ ಚಹಾದ ಸಂಗತಿ ಹೇಳಿಬಿಡುತ್ತೇನೆ. ನಾನು ಕಲಿತ ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಒಬ್ಬರು ಮಾಸ್ತರರಿದ್ದರು. ಚಹಾ ಕುಡಿದರೆ ಮಗ್ಗಿ ಮರೆತುಹೋಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ಅವರು ಹೇಳುತ್ತಿದ್ದುದು ಅದೊಂದೇ, ಮತ್ತು ನಮ್ಮೆಲ್ಲರ ತಲೆಯಲ್ಲಿ ಉಳಿದದ್ದೂ ಅದೊಂದೇ. ನಾನು ಮನೆಯಲ್ಲಿ ಚಹಾ ಬಿಟ್ಟೆ. ಅವ್ವ ಬೈದಳು, ಅಜ್ಜಿ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ನಾನು ಬಗ್ಗಲಿಲ್ಲ. ಮುಂದೆ ಒಂದು ದಿನ ಅಪ್ಪನ ಜೊತೆ ಮಿರಜಿಗೆ ಬಂದಾಗ, ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಾಸ್ತರರು ಬಸಿಗೆ ಚಹಾ ಸುರುವಿಕೊಂಡು ಊದಿ ಊದಿ ಕುಡಿಯುತ್ತಿದ್ದರು. ನನ್ನನ್ನು ಕಂಡು ಒಂದು ಗಳಿಗೆ ಬಸಿ ಗಾಳಿಯಲ್ಲೇ ನಿಂತಿತು.

"ಇದು ಚಹಾ ಅಲ್ಲವ್ವ, ಕಷಾಯ," ಎಂದರು.

ನಾನು ನಂಬಿದೆ. ಮದುವೆಯಾಗುವವರೆಗೂ ಚಹಾ ಮುಟ್ಟಲಿಲ್ಲ. ಈಗ ನೆನೆದರೆ ನಗು ಬರುತ್ತದೆ. ಆದರೆ ಮಾಸ್ತರರು ತಮಗನ್ನಿಸಿದ್ದನ್ನು ಮಕ್ಕಳಿಗೆ ಹೇಳಿದಾಗ ಮಕ್ಕಳು ಅದನ್ನು ಎಲ್ಲಿಯವರೆಗೆ ಹೊತ್ತುಕೊಂಡು ಹೋಗುತ್ತಾರೆ ಎಂಬುದು ನನಗೇ ಚೆನ್ನಾಗಿ ಗೊತ್ತಿರಬೇಕಿತ್ತು. ಗೊತ್ತಿದ್ದೂ ನಾನೇ ಅದನ್ನು ಮಾಡಿದೆ. ಚಹಾದ ವಿಷಯದಲ್ಲಿ ಮಾಡಿದ್ದರೆ ಚಿಂತೆ ಇರಲಿಲ್ಲ.

ಮೂವತ್ತೈದರ ಆಸುಪಾಸಿನಲ್ಲಿ ನನಗೊಂದು ಹುಮ್ಮಸ್ಸಿತ್ತು. ಅವ್ವನ ಭಾಷೆಯಲ್ಲೇ ಮಗು ಕಲಿಯಬೇಕು ಎಂಬ ಹುಮ್ಮಸ್ಸು. ಗಣಿತ ಕಲಿಸುವಾಗಲೂ ಅದು ಉಕ್ಕುತ್ತಿತ್ತು. "ಅವ್ವನ ಜೋಡಿ ಯಾವ ಭಾಷಾದಾಗ ಜಗಳಾ ಆಡ್ತೀರಿ? ಅದರಾಗ ಕಲೀರಿ. ಮಂದಿ ಭಾಷಾದಾಗ ಕಲಿತ್ರ ಉರು ಹೊಡೀತೀರಿ, ತಿಳಕೊಳ್ಳುದುಲ್ಲ," ಎನ್ನುತ್ತಿದ್ದೆ. ಹೇಳುವಾಗ ನನ್ನ ದನಿ ನಡುಗುತ್ತಿತ್ತಂತೆ. ಹಿಂದಿನ ಸಾಲಿನ ತುಂಟರೂ ಸುಮ್ಮನಾಗುತ್ತಿದ್ದರು. ಸತ್ಯ ಹೇಳುತ್ತೇನೆ, ನನಗೆ ಅದು ಹಿತವಾಗಿತ್ತು.

ಆ ವರ್ಷ ಏಳನೆಯ ತರಗತಿಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ತಂದೆ ಮಲ್ಲಪ್ಪ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಕಸ್ತೂರಿ ಪಾಠ ಕೇಳುವಾಗ ಕಣ್ಣು ರೆಪ್ಪೆ ಹೊಡೆಯುತ್ತಿರಲಿಲ್ಲ. ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಗೊತ್ತಿದ್ದರೂ, ಬೇರೆಯವರಿಗೆ ಒಂದು ಅವಕಾಶ ಇರಲಿ ಎಂದು ಕೈ ಎತ್ತದೆ ಕಾಯುವವಳು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಅಂಥ ದೊಡ್ಡತನ ನಾನು ಮತ್ತೆ ನೋಡಲಿಲ್ಲ.

ಏಳು ಮುಗಿದ ಮೇಲೆ ಎರಡು ದಾರಿ. ಹತ್ತು ನಿಮಿಷ ನಡೆದರೆ ಮರಾಠಿ ಹೈಸ್ಕೂಲು. ಕನ್ನಡ ಹೈಸ್ಕೂಲು ಬೇಕೆಂದರೆ ಮಿರಜ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಎಸ್‌ಟಿ ಬಸ್ಸು ಹಿಡಿದು, ಸಲಗರೆಯ ದಿಕ್ಕಿನ ಒಂದು ಹಳ್ಳಿಗೆ ಹೋಗಬೇಕು. ಮಲ್ಲಪ್ಪ ಮರಾಠಿ ಎಂದ. ಕಸ್ತೂರಿ ಕನ್ನಡ ಎಂದಳು. ಮನೆಯಲ್ಲಿ ಎಂಟು ದಿನ ಜಗಳ ನಡೆಯಿತು ಎಂದು ಅವಳೇ ಹೆಮ್ಮೆಯಿಂದ ನನ್ನ ಮುಂದೆ ಹೇಳಿದಳು.

"ಅಪ್ಪಾಗ ಹೇಳೇನ್ರಿ ಅಕ್ಕೋರ, ನಮ್ಮ ಅಕ್ಕೋರು ಸುಳ್ಳ ಹೇಳಂಗಿಲ್ಲ ಅಂತ."

ನಾನು ಅವಳ ಬೆನ್ನು ತಟ್ಟಿದೆ.

ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ, ಎಲ್ಲರೂ ಹೋದ ಮೇಲೆ ಕಿಟಕಿ ಮುಚ್ಚಲು ನಿಂತ ಕಸ್ತೂರಿ ಕೇಳಿದಳು: "ಪ್ರಾಜೂನ್ನ ಒಂದನೇತ್ತಾಕ ನಮ್ಮ ಸಾಲ್ಯಾಗ ಹಾಕ್ತೀರೇನ್ರಿ?"

ಪ್ರಾಜೂ ಅಂದರೆ ನನ್ನ ಮಗಳು ಪ್ರಾಜಕ್ತಾ. ಆಗ ಆರು ವರ್ಷದವಳು. ಒಂದೆರಡು ಸಲ ಅವಳನ್ನು ಶಾಲೆಗೆ ಕರೆದುಕೊಂಡು ಹೋಗಿದ್ದೆ, ಕಸ್ತೂರಿ ಎತ್ತಿಕೊಂಡು ತಿರುಗಿದ್ದಳು. ಪ್ರಶ್ನೆ ಕೇಳಿದ ಆ ಗಳಿಗೆಯಲ್ಲಿ ನನ್ನ ಚೀಲದಲ್ಲಿ ಮಿರಜಿನ ಮರಾಠಿ ಶಾಲೆಯೊಂದರ ಪ್ರವೇಶದ ಅರ್ಜಿ ಇತ್ತು. ಮಗಳ ಫೋಟೋ ಅಂಟಿಸಿ ಆಗಿತ್ತು. ಅಂಟು ಇನ್ನೂ ಒಣಗಿರಲಿಲ್ಲವೋ ಏನೋ.

ಆ ನಿರ್ಧಾರ ನಮ್ಮ ಯಜಮಾನರದು ಎಂದು ನಾನು ಬಹಳ ದಿನ ಹೇಳಿಕೊಂಡೆ. ನಮ್ಮವರು ಇಲ್ಲೇ ಹತ್ತಿರದ ಬೇಡಗ ಎಂಬ ಊರಿನವರು, ಸಾಂಗಲಿಯ ಒಂದು ಗೋದಾಮಿನಲ್ಲಿ ಕಾರಕೂನರು, ನನ್ನಷ್ಟೇ ಕನ್ನಡಿಗರು. "ಈ ರಾಜ್ಯದಾಗ ಬಾಳೇವು ಮಾಡಾಕಿ ಆಕಿ. ನಿನ್ನ ಹುಮ್ಮಸ್ಸಿಗೆ ಕೂಸಿನ್ನ ಬಲಿ ಕೊಡಬ್ಯಾಡ," ಎಂದಿದ್ದರು. ನಾನು ಒಂದು ದಿನ ಮುನಿಸಿಕೊಂಡು ಎರಡನೆಯ ದಿನ ಒಪ್ಪಿದೆ. ನಿಜ ಏನೆಂದರೆ ಅವರು ಹಾಗೆ ಹೇಳಿದಾಗ ನನಗೆ ಒಳಗೊಳಗೆ ಸಮಾಧಾನವಾಗಿತ್ತು. ನನಗೂ ಹೆದರಿಕೆ ಇತ್ತು. ನಮ್ಮ ಶಾಲೆಯಲ್ಲಿ ಕಲಿತವರು ಮುಂದೆ ಎಲ್ಲಿ ನಿಲ್ಲುತ್ತಾರೆ ಎಂದು ದಿನಾ ನೋಡುತ್ತಿದ್ದವಳು ನಾನೇ ಅಲ್ಲವೇ?

"ಇನ್ನೂ ಸಣ್ಣಾಕಿ ಅದಾಳ. ನೋಡೂಣು," ಎಂದೆ ಕಸ್ತೂರಿಗೆ.

ಅವಳು ಕಿಟಕಿಯ ಚಿಲಕ ಹಾಕಿ, ಕೈ ಜೋಡಿಸಿ ಹೋದಳು.

ಜೂನಿನಲ್ಲಿ ಅವಳು ಕನ್ನಡ ಹೈಸ್ಕೂಲಿಗೆ ಸೇರಿದಳು. ಎಂಟನೆಯ ತರಗತಿಯನ್ನು ಹೇಗೋ ಮುಗಿಸಿದಳು. ಒಂಬತ್ತರ ಮಳೆಗಾಲದಲ್ಲಿ ಎಸ್‌ಟಿ ಮೇಲಿಂದ ಮೇಲೆ ರದ್ದಾಗತೊಡಗಿತು. ಸಂಜೆ ಗಾಡಿ ಬಾರದ ದಿನ ಮಲ್ಲಪ್ಪ ಕೆಲಸದ ಪಾಳಿ ಬಿಟ್ಟು, ಯಾರದೋ ಮೋಟಾರ್ ಸೈಕಲ್ಲು ಬೇಡಿ, ಮಗಳನ್ನು ಕರೆತರಬೇಕಾಗುತ್ತಿತ್ತು. ಮೂರನೆಯ ಸಲವೂ ಹಾಗಾದ ಮೇಲೆ ಅವಳ ಪಾಟೀಚೀಲ ಅಟ್ಟಕ್ಕೆ ಹೋಯಿತು. ಮರಾಠಿ ಹೈಸ್ಕೂಲಿನಲ್ಲಿ ಕೇಳಿದರೆ, ಮರಾಠಿ ಓದಲು ಬರುವುದಿಲ್ಲ, ಮತ್ತೆ ಐದನೆಯ ತರಗತಿಯಿಂದ ಕೂರಲಿ ಎಂದರಂತೆ. ಹದಿನಾಲ್ಕರ ಹುಡುಗಿ ತನ್ನ ಸೊಂಟದೆತ್ತರದ ಮಕ್ಕಳ ನಡುವೆ ಹೇಗೆ ಕೂರುತ್ತಾಳೆ? ಅವಳು ಬೇದಾಣೆ ಆರಿಸುವ ಶೆಡ್ಡಿಗೆ ಹೋಗತೊಡಗಿದಳು. ಒಣಗಿದ ದ್ರಾಕ್ಷಿಯಲ್ಲಿ ಕಡ್ಡಿ, ಕಪ್ಪು ಕಾಳು ತೆಗೆಯುವ ಕೆಲಸ.

ಇದನ್ನೆಲ್ಲ ನನಗೆ ಹೇಳಿದವನು ಮಲ್ಲಪ್ಪನೇ. ಚಿಕ್ಕ ಮಗನ ದಾಖಲೆಯ ಕಾಗದಕ್ಕೆಂದು ಬಂದಿದ್ದ. ಮಗನನ್ನು ನಮ್ಮ ಶಾಲೆಯಿಂದ ಬಿಡಿಸಿ ಮರಾಠಿಗೆ ಹಾಕುವವನಿದ್ದ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತು ಮೆಲ್ಲಗೆ ಹೇಳಿದ:

"ನಮ್ಮ ಮಾತಂತೂ ಮೊದಲೂ ಕೇಳ್ತಿರಲಿಲ್ರಿ ಹುಡಿಗಿ. ನಿಮ್ಮ ಮಾತ ಕೇಳ್ತಿತ್ತು. ಈಗ ಯಾರ ಮಾತೂ ಕೇಳುದುಲ್ಲ, ಯಾರ ಜೋಡಿನೂ ಮಾತಾಡುದುಲ್ಲ. ಸುಮ್ಮ ಹೋಗ್ತೈತಿ, ಸುಮ್ಮ ಬರ್ತೈತಿ."

ಅವಳನ್ನು ನೋಡಲು ಹೋಗಬೇಕೆಂದು ಎರಡು ಸಲ ಹೊರಟೆ. ಎರಡು ಸಲವೂ ಅವರ ಓಣಿಯ ಮೂಲೆಯವರೆಗೆ ಹೋಗಿ, ಅಲ್ಲಿನ ಕಿರಾಣಿ ಅಂಗಡಿಯಲ್ಲಿ ಬೇಡವಾದ ಸಾಬೂನು ಕೊಂಡು ಹಿಂದಿರುಗಿದೆ. ಹೋಗಿ ಏನು ಹೇಳಲಿ? ನನ್ನ ಪ್ರಾಜೂ ಅಷ್ಟರಲ್ಲಿ ಮರಾಠಿ ಕವಿತೆಗಳನ್ನು ಚಪ್ಪಾಳೆ ತಟ್ಟಿ ಹೇಳುತ್ತಿದ್ದಳು.

ಅಲ್ಲಿಂದ ಮುಂದೆ ನಾನು ಮಕ್ಕಳಿಗೆ ನನ್ನದು ಎಂಬ ಯಾವ ಮಾತನ್ನೂ ಹೇಳಲಿಲ್ಲ. ದೇವರಿದ್ದಾನೆಯೇ, ಹುಡುಗಿಯರು ಎಷ್ಟು ಓದಬೇಕು, ಎಂಟನೆಯ ತರಗತಿಗೆ ಯಾವ ಶಾಲೆ, ಏನು ಕೇಳಿದರೂ ಒಂದೇ ಉತ್ತರ: "ಮನ್ಯಾಗ ಕೇಳ್ರಿ." ಒಬ್ಬಳು ಮಾವು ಸಿಹಿಯೋ ಸೀತಾಫಲ ಸಿಹಿಯೋ ಎಂದು ಕೇಳಿದ್ದಕ್ಕೂ ಅಭ್ಯಾಸಬಲದಿಂದ "ಮನ್ಯಾಗ ಕೇಳು" ಎಂದುಬಿಟ್ಟೆ. ಮಕ್ಕಳು ನನಗೆ 'ಮನ್ಯಾಗಕೇಳ ಅಕ್ಕೋರು' ಎಂದು ಹೆಸರಿಟ್ಟದ್ದು ನನಗೂ ತಿಳಿದಿತ್ತು. ಇದೇ ಒಳ್ಳೆಯ ಶಿಕ್ಷಕರ ಲಕ್ಷಣ, ನಾವು ಪಾಠ ಹೇಳಬೇಕು, ನಮ್ಮನ್ನು ಹೇಳಿಕೊಳ್ಳಬಾರದು ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಮೇಲಿನವರಿಂದ ಒಂದು ದೂರೂ ಬರಲಿಲ್ಲ. ಆದರೆ ವರ್ಷಗಳು ಕಳೆದಂತೆ ಒಂದನ್ನು ಗಮನಿಸಿದೆ. ಮಕ್ಕಳು ಪಾಠದ ಸಂಶಯ ಬಿಟ್ಟು ಬೇರೆ ಯಾವುದಕ್ಕೂ ನನ್ನ ಮೇಜಿನ ಹತ್ತಿರ ಬರುವುದನ್ನು ನಿಲ್ಲಿಸಿದ್ದರು. ಬೀಳ್ಕೊಡುಗೆಯ ದಿನ ಮಾತಾಡಿದ ಹುಡುಗಿ ನನ್ನ ಬಗ್ಗೆ ಹೇಳಿದ್ದು ಇಷ್ಟೇ: "ಅಕ್ಕೋರ ಅಕ್ಷರ ಭಾಳ ಚಂದ ಇದ್ವು." ಅಷ್ಟು ವರ್ಷಗಳಲ್ಲಿ ಅವರಿಗೆ ನನ್ನದು ಎಂದು ಕಂಡದ್ದು ಅಕ್ಷರ ಮಾತ್ರ.

ಮನೆಯಲ್ಲಿ ನನ್ನ ಜೊತೆ ಕನ್ನಡ ಆಡುವವರೆಂದರೆ ನಮ್ಮ ಯಜಮಾನರೊಬ್ಬರೇ. ನಾನು ನಿವೃತ್ತಳಾದ ವರ್ಷವೇ ಅವರು ತೀರಿಹೋದರು. ಪ್ರಾಜಕ್ತಾ ನನ್ನ ಕನ್ನಡವನ್ನು ಪೂರ್ತಿ ತಿಳಿದುಕೊಳ್ಳುತ್ತಾಳೆ, ಉತ್ತರ ಮರಾಠಿಯಲ್ಲಿ ಕೊಡುತ್ತಾಳೆ. ಒಳ್ಳೆಯ ಹುಡುಗಿ. ವಾರಕ್ಕೆ ಮೂರು ಸಲ ಫೋನು ಮಾಡುತ್ತಾಳೆ. ಫೋನಿನಲ್ಲಿ ಎರಡು ಭಾಷೆ ಯಾಕೆ ಎಂದು ಈಗ ನಾನೂ ಮರಾಠಿಗೆ ಜಾರಿಬಿಟ್ಟಿದ್ದೇನೆ.

ಹೋದ ಚಳಿಗಾಲದಲ್ಲಿ ನಮ್ಮ ಶಾಲೆಯ ಹಳೆಯ ಹುಡುಗರು ವಾಟ್ಸಾಪ್ ಗುಂಪೊಂದನ್ನು ಮಾಡಿ ನನ್ನನ್ನೂ ಸೇರಿಸಿದರು. ಕನ್ನಡ ಶಾಲೆಯ ಗುಂಪು, ಸಂದೇಶಗಳೆಲ್ಲ ಮರಾಠಿಯಲ್ಲಿ. ನಗಬೇಕೋ ಅಳಬೇಕೋ ತಿಳಿಯದೆ ಹೆಸರುಗಳನ್ನು ನೋಡುತ್ತ ಹೋದೆ. ಕೆಳಗೆ ಕಸ್ತೂರಿ ಎಂದಿತ್ತು. ಎಂಟು ದಿನ ಆ ಹೆಸರನ್ನು ತೆರೆಯುವುದು, ಮುಚ್ಚುವುದು. ಒಂಬತ್ತನೆಯ ದಿನ ಮಧ್ಯಾಹ್ನ ಫೋನು ಹಚ್ಚಿದೆ.

"ಕೋಣ ಬೋಲತಯ?" ಯಾರು ಮಾತಾಡೋದು, ಎಂದು ಮರಾಠಿಯಲ್ಲಿ ಕೇಳಿದಳು.

"ನಾನವ್ವ, ಅಕ್ಕೋರು."

 ಒಮ್ಮೆ ಬಂದು ಭೇಟಿಯಾಗಬೇಕಿತ್ತು ಎಂದೆ. "ಬರ್ರಿ ಅಕ್ಕೋರ. ರವಿವಾರ ಸೂಟಿ ಇರ್ತೈತಿ," ಎಂದಳು. ಆ 'ಅಕ್ಕೋರ' ಕೇಳಿ ನಾನು ಫೋನು ಹಿಡಿದುಕೊಂಡೇ ಕುಳಿತೆ.

ಭಾನುವಾರ ರಿಕ್ಷಾ ಹಿಡಿದು ಕುಪವಾಡಕ್ಕೆ ಹೋದೆ. ಮದುವೆಯಾದ ಮೇಲೂ ಅವಳ ಮನೆ ಅದೇ ಓಣಿಯಲ್ಲಿತ್ತು; ಈ ಸಲ ನಾನು ಮೂಲೆಯಲ್ಲಿ ನಿಲ್ಲಲಿಲ್ಲ. ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು. ಮೂವತ್ತಾರರ ಹೆಂಗಸು, ಕಿವಿಯ ಬಳಿ ನಾಲ್ಕು ಬಿಳಿ ಕೂದಲು. ಈಗ ಅದೇ ಬೇದಾಣೆಯ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರ ಮೇಲ್ವಿಚಾರಕಿ. ಗಂಡ ಟೆಂಪೋ ಓಡಿಸುತ್ತಾನೆ, ಬಾಡಿಗೆಗೆ ಹೋಗಿದ್ದ. ಒಂದೇ ಮಗಳು, ಸಾಕ್ಷಿ, ಹನ್ನೊಂದು ವರ್ಷದವಳು, ಮೂಲೆಯಲ್ಲಿ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕುಳಿತಿದ್ದಳು. ತಾಯಿಯಂತೆಯೇ ರೆಪ್ಪೆ ಹೊಡೆಯದ ಕಣ್ಣು.

"ಕುಂದ್ರಿ," ಎಂದಳು ಕಸ್ತೂರಿ. ಚಹಾ ಕೊಟ್ಟಳು. ನಾನು ಮನೆಯಲ್ಲೇ ಹತ್ತು ಸಲ ಹೇಳಿ ನೋಡಿದ್ದ ಮಾತನ್ನು ಶುರು ಮಾಡಿದೆ.

"ಕಸ್ತೂರಿ, ನಿನಗೊಂದು ಮಾತ ಹೇಳಬೇಕಿತ್ತು. ಆವತ್ತ ನೀ ಕೇಳಿದ್ದಿ, ಪ್ರಾಜೂನ್ನ ನಮ್ಮ ಸಾಲ್ಯಾಗ ಹಾಕ್ತೀರೇನು ಅಂತ…"

"ನನಗ ಗೊತ್ತಿತ್ರಿ."

"ಏನ ಗೊತ್ತಿತ್ತು?"

"ಹೈಸ್ಕೂಲಿನ ಮೊದಲನೇ ದಿನಾ ಮಿರಜ ಸ್ಟ್ಯಾಂಡಿನ್ಯಾಗ ನಿಮ್ಮನ್ನ ನೋಡಿದ್ನಿ. ಪ್ರಾಜೂ ಮರಾಠಿ ಸಾಲಿ ಡ್ರೆಸ್ಸಿನ್ಯಾಗ ಇದ್ಲು. ನೀವು ಬಗ್ಗಿ ಆಕಿ ಕಾಲರಿನ ಗುಂಡಿ ಹಾಕಾಕತ್ತಿದ್ರಿ. ನಾ ಕಂಬದ ಹಿಂದ ಸರದ ನಿಂತ್ನಿ."

"ಯಾಕ?"

"ನೀವು ನನ್ನ ನೋಡಿದ್ರ ನಿಮಗ ನಾಚಿಕಿ ಆಗಬಾರದಂತ."

ನನ್ನ ಕೈಯಲ್ಲಿದ್ದ ಬಸಿ ಕೆಳಗಿಟ್ಟೆ. ಹದಿಮೂರರ ಹುಡುಗಿ ತಾನು ಮೋಸಹೋದ ಗಳಿಗೆಯಲ್ಲಿ ನನ್ನ ಮಾನ ಕಾಯಲು ಕಂಬದ ಹಿಂದೆ ನಿಂತಿದ್ದಳು.

"ಮತ್ತ ಹೋಗಿ ಅಪ್ಪಾಗ ಹೇಳಬೇಕಿತ್ತಲ್ಲವ್ವ?"

"ಹೆಂಗ ಹೇಳ್ಲಿ? ಎಂಟ ದಿನಾ ಜಗಳಾ ಮಾಡಿದ್ನಲ್ರಿ. ಅಷ್ಟರಾಗ ಗಾಡಿ ಬಂತು. ಹತ್ತಿದ್ನಿ." ನನ್ನನ್ನು ನೋಡದೆ ಮುಂದುವರಿಸಿದಳು. "ಭಾಳ ವರ್ಷ ಸಿಟ್ಟಿತ್ರಿ. ಸುಳ್ಳ ಯಾಕ ಹೇಳ್ಲಿ? ನೀವು ಕನ್ನಡಾ ಕಲೀರಿ ಅಂದಿದ್ದಕ್ಕಲ್ಲ. ಅದು ನಿಮಗ ಖರೇನ ಅನಸ್ತಿತ್ತು, ನಿಮ್ಮ ಮಾರಿ ಮ್ಯಾಲ ಕಾಣ್ತಿತ್ತು. ಆದ್ರ ನಿಮಗ ಹೆದರಿಕಿನೂ ಇತ್ತಲ್ರಿ? ಅದನ್ನ ಯಾಕ ಹೇಳಲಿಲ್ಲ? 'ನನಗ ಹಿಂಗ ಅನಸ್ತೈತಿ, ಆದ್ರ ನನ್ನ ಮಗಳ್ನ ಹಂಗ ಹಾಕಾಕತ್ತೇನಿ' ಅಂತ ಎರಡೂ ಹೇಳಿದ್ರ ನಾ ಕುಂತು ವಿಚಾರ ಮಾಡ್ತಿದ್ನಿ. ಆಗೂ ಕನ್ನಡಕ್ಕ ಹೋಗ್ತಿದ್ನೋ ಏನೋ. ಆದ್ರ ಅದು ನಾ ಮಾಡಿದ್ದು ಆಗ್ತಿತ್ತು."

ಇಷ್ಟು ವರ್ಷ ನಾನು ಹೆಚ್ಚು ಹೇಳಿ ಕೆಡಿಸಿದೆ ಎಂದುಕೊಂಡಿದ್ದೆ. ಹಾಗೆಂದೇ ಬಾಯಿ ಮುಚ್ಚಿದ್ದೆ. ಹೇಳಿದ್ದು ಅರ್ಧವಾಗಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. "ತಪ್ಪಾತವ್ವ," ಎಂದೆ. ಅವಳು "ಇರ್ಲಿ ಬಿಡ್ರಿ" ಎನ್ನಲಿಲ್ಲ. ತಲೆ ಅಲ್ಲಾಡಿಸಿದಳು, ಒಪ್ಪಿಕೊಂಡವಳಂತೆ. ಅದರಿಂದ ನನಗೆ ಮರ್ಯಾದೆ ಸಿಕ್ಕಂತಾಯಿತು.

ಆಮೇಲೆ ಮಗಳತ್ತ ನೋಡಿ ಅವಳೇ ಕೇಳಿದಳು: "ಸಾಕ್ಷಿಗೆ ಕನ್ನಡಾ ಓದಾಕ ಬರ್ಯಾಕ ಬರಂಗಿಲ್ರಿ. ರವಿವಾರಕ್ಕೊಮ್ಮೆ ನಿಮ್ಮ ಹಂತ್ಯಾಕ ಕಳಸಲೇನು? ನಿಮಗೇನ ಅನಸ್ತೈತಿ, ಹೇಳ್ರಿ."

ಕಳಿಸು ಎಂದು ಕೂಗಬೇಕೆನ್ನಿಸಿತು. ಭಾನುವಾರ ಬೆಳಿಗ್ಗೆ ಮನೆಗೊಂದು ಹುಡುಗಿ ಬರುತ್ತಾಳೆ, ಚಪ್ಪಲಿ ಬಾಗಿಲಲ್ಲಿ ಬಿಡುತ್ತಾಳೆ, ನಾನು 'ಅ' ಬರೆದು ತೋರಿಸುತ್ತೇನೆ. ಒಂದು ಗಳಿಗೆಯಲ್ಲಿ ಎಲ್ಲ ಕಣ್ಮುಂದೆ ಬಂತು. "ಮನ್ಯಾಗ ಕೇಳ್ರಿ" ಎನ್ನುವ ಹಾಗೂ ಇರಲಿಲ್ಲ, ಮನೆಯವರೇ ಕೇಳುತ್ತಿದ್ದರು.

"ಕಲೀಬೇಕು ಅನಸ್ತೈತಿ ಕಸ್ತೂರಿ," ಎಂದೆ. "ಆದ್ರ ಎರಡನೇದ್ದೂ ಹೇಳ್ತೇನಿ. ಕನ್ನಡಾ ಕಲೀದ ನನ್ನ ಮಗಳು ಚಲೋ ನೌಕರಿ ಮಾಡಾಕತ್ಯಾಳ, ಆಕಿಗೇನೂ ಕಡಿಮಿ ಆಗಿಲ್ಲ. ಮತ್ತ ನಾ ಹೂಂ ಅನ್ನೂದರಾಗ ಅರ್ಧಾ ನನ್ನ ಆಸೆ ಐತಿ. ಹುಡಿಗಿ ಬಂದ್ರ ನನಗ ವಾರದಾಗ ಒಂದ ದಿನಾ ಆಸರ ಬ್ಯಾಸರ ಕಳೀತೈತಿ. ಇಷ್ಟೂ ತಿಳದ ನೀನ ಠರಾಯಿಸು."

ಕಸ್ತೂರಿ ಮಗಳ ಮುಖ ನೋಡಿದಳು, ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದಳು. ಅವಸರ ಮಾಡಲಿಲ್ಲ.

"ರವಿವಾರ ಸ್ಕಾಲರ್‌ಶಿಪ್ಪಿನ ಕ್ಲಾಸ್ ಐತ್ರಿ ಆಕಿಗೆ," ಎಂದಳು ಕೊನೆಗೆ. "ಸದ್ಯಾ ಬ್ಯಾಡ ಬಿಡ್ರಿ ಅಕ್ಕೋರ."

"ಆತವ್ವ."

ಅದು ಸರಿಯಾದ ಉತ್ತರವೇ ಇರಬಹುದು. ಅವಳೇ ಯೋಚಿಸಿ ಕೊಟ್ಟ ಉತ್ತರವಂತೂ ಹೌದು.  ಕಸ್ತೂರಿ ಕಪ್ಪು, ಬಸಿಗಳನ್ನು ತೊಳೆಯಲು ಹೊರಗಿನ ನಲ್ಲಿಗೆ ಹೋದಳು. ಅಷ್ಟು ಹೊತ್ತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಸಾಕ್ಷಿ ಪುಸ್ತಕ ಮುಚ್ಚಿ ಮರಾಠಿಯಲ್ಲಿ ಕೇಳಿದಳು:

"ಆಜೀ, ತುಮಚೀ ಮುಲಗೀ ಕನ್ನಡ ಬೋಲತೇ ಕಾ?" ನಿಮ್ಮ ಮಗಳು ಕನ್ನಡ ಮಾತಾಡುತ್ತಾಳಾ, ಎಂದು.

"ಇಲ್ಲವ್ವ. ತಿಳೀತೈತಿ, ಮಾತಾಡಂಗಿಲ್ಲ."

"ಮಾಝ್ಯಾಸಾರಖಂಚ." ನನ್ನ ಹಾಗೆಯೇ, ಎಂದು ಅವಳು ಖುಷಿಪಟ್ಟಳು. ಆಮೇಲೆ ಹುಬ್ಬು ಗಂಟಿಕ್ಕಿ ಸ್ವಲ್ಪ ಯೋಚಿಸಿದಳು. ಹಾಗಾದರೆ ನೀವು ಕನ್ನಡವನ್ನು ಯಾರ ಜೊತೆ ಮಾತಾಡುತ್ತೀರಿ, ಎಂದು ಕೇಳಿದಳು.

ಹೊರಗೆ ನಲ್ಲಿಯ ಸದ್ದು ನಿಂತಿತ್ತು. ಮಗು ರೆಪ್ಪೆ ಹೊಡೆಯದೆ ಕಾಯುತ್ತಿತ್ತು.

"ಯಾರ ಜೋಡಿನೂ ಇಲ್ಲವ್ವ," ಎಂದೆ.